ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ? ನಾಣ್ಯಗಳ ಬಗ್ಗೆ ಓದುಗರ ಪ್ರಶ್ನೆಗಳು

ತಪ್ಪಚ್ಚಿನ ನಾಣ್ಯ, ಅಂದರೆ ಸಂಗ್ರಾಹಕರ ಬಾಯಲ್ಲಿ ‘ಎರರ್ ಕಾಯಿನ್’, ಸಿಕ್ಕಿದೆಯೆಂದು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಉತ್ತರಕ್ಕೆ ಮೊದಲು ನಾಣ್ಯ ತಯಾರಾಗುವ ಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ. ಬಿಲ್ಲೆಯನ್ನು ಕಾಯಿಸಿ ಮೆತ್ತಗೆ ಮಾಡಿ, ಸುತ್ತಲಿನ ಅಂಚನ್ನು ಒತ್ತಿ ಎತ್ತರಿಸುತ್ತಾರೆ. ಕೊನೆಗೆ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂರಿಸಿ, ಮೇಲಿನ ಅಚ್ಚು ಮತ್ತು ಕೆಳಗಿನ ಅಚ್ಚಿನ ನಡುವೆ ಒತ್ತುತ್ತಾರೆ. ಎರಡೂ ಮುಖ ಒಟ್ಟಿಗೇ ಮೂಡುತ್ತವೆ. ಯಾವ ನಾಣ್ಯ ಎದುರಿಗೆ ಬಂದರೂ ಕೇಳಬೇಕಾದ್ದು ಒಂದೇ: ಈ ದೋಷ ಅಚ್ಚು ಬೀಳುವಾಗಲೇ ಇತ್ತೋ, ಅಚ್ಚು ಬಿದ್ದ ಮೇಲೆ ಬಂತೋ?

ಪ್ರಶ್ನೆ: 1998ರ ಒಂದು ರೂಪಾಯಿ ಸ್ಟೀಲ್ ನಾಣ್ಯ ಪೂರ್ತಿ ತಾಮ್ರದ ಬಣ್ಣದಲ್ಲಿದೆ. ತಾಮ್ರದ ಬಿಲ್ಲೆಯ ಮೇಲೆ ತಪ್ಪಿ ಟಂಕಿಸಿದ್ದು, ಲಕ್ಷಾಂತರ ಬೆಲೆ ಬಾಳುತ್ತದೆ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ನಿಜವೇ? (ಓದುಗರು, ದಾವಣಗೆರೆ)

ಮೊದಲು ಅಯಸ್ಕಾಂತ ಹಿಡಿಯಿರಿ. 1992ರಿಂದ ಬಂದ ಒಂದು ರೂಪಾಯಿ ನಾಣ್ಯ ಕಬ್ಬಿಣ ಮತ್ತು ಕ್ರೋಮಿಯಂ ಬೆರೆತ ಸ್ಟೀಲ್‌ನದು, ಅಯಸ್ಕಾಂತಕ್ಕೆ ಚೆನ್ನಾಗಿ ಅಂಟುತ್ತದೆ. ತಾಮ್ರ ಅಂಟುವುದಿಲ್ಲ. ನಿಮ್ಮ ನಾಣ್ಯ ತಟ್ಟನೆ ಅಂಟಿಕೊಂಡರೆ ಒಳಗಿರುವುದು ಸ್ಟೀಲೇ, ಮೇಲಿರುವುದು ಗಿಲೀಟು.

ಅಂಟದಿದ್ದರೆ ತೂಕ ನೋಡಿ. 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು, ಅಡುಗೆಮನೆಯ ತಕ್ಕಡಿ ಸಾಲದು. ಈ ನಾಣ್ಯದ ಸರಿಯಾದ ತೂಕ 4.85 ಗ್ರಾಂ, ಅಡ್ಡಳತೆ 25 ಮಿ.ಮೀ. ಅದೇ ಅಳತೆ, ಅದೇ ದಪ್ಪದ ಬಿಲ್ಲೆ ತಾಮ್ರದ್ದಾಗಿದ್ದರೆ ತೂಕ ಸುಮಾರು 5.6 ಗ್ರಾಂ ಬರಬೇಕು, ಏಕೆಂದರೆ ತಾಮ್ರದ ಸಾಂದ್ರತೆ 8.9, ಈ ಸ್ಟೀಲ್‌ನದು ಸುಮಾರು 7.7. ಗಿಲೀಟು ತೂಕವನ್ನು ಅಷ್ಟು ಹೆಚ್ಚಿಸಲಾರದು. 10 ಮೈಕ್ರಾನ್ ದಪ್ಪಕ್ಕೆ ತಾಮ್ರ ಲೇಪಿಸಿದರೂ ಕೂಡುವುದು 0.1 ಗ್ರಾಂನಷ್ಟು ಮಾತ್ರ.

ಆಮೇಲೆ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಗೀರುಗಳನ್ನು ನೋಡಿ. ಚಲಾವಣೆಯಲ್ಲಿ ಓಡಾಡಿದ ನಾಣ್ಯಕ್ಕೆ ಗೀರು ಇದ್ದೇ ಇರುತ್ತದೆ. ಹಳೆಯ ಗೀರಿನ ತಳದಲ್ಲೂ ತಾಮ್ರದ ಬಣ್ಣ ಇದ್ದು, ಎತ್ತರದ ಜಾಗಗಳಲ್ಲಿ, ಅಂದರೆ ಅಂಕಿಯ ತಲೆಯಲ್ಲಿ, ಸುತ್ತಂಚಿನ ಮೇಲೆ, ಬಣ್ಣ ಹೋಗಿ ಬಿಳಿ ಇಣುಕುತ್ತಿದ್ದರೆ, ನಾಣ್ಯ ಮೊದಲು ಸವೆದು ಆಮೇಲೆ ಬಣ್ಣ ಹಾಕಿಸಿಕೊಂಡಿದೆ ಎಂದರ್ಥ. ಅಕ್ಷರಗಳ ಮೂಲೆಗಳು ತುಂಬಿ ಮೊಂಡಾಗಿರುವುದೂ ಲೇಪನದ ಗುರುತೇ. ಕಾಲೇಜು ಪ್ರಯೋಗಾಲಯಗಳಲ್ಲಿ ಮೈಲುತುತ್ತದ ದ್ರಾವಣಕ್ಕೆ ಬ್ಯಾಟರಿ ಕೊಟ್ಟು ಲೇಪನ ಮಾಡುವ ಪ್ರಯೋಗಕ್ಕೆ ಕೈಗೆ ಸಿಕ್ಕಿದ ನಾಣ್ಯವನ್ನೇ ಬಳಸುವುದುಂಟು. ಆ ನಾಣ್ಯಗಳು ಮತ್ತೆ ಚಲಾವಣೆಗೆ ಬರುತ್ತವೆ.

ಇನ್ನೊಂದು ವಿಷಯ. ಅಮೆರಿಕದ ಕೆಲವು ನಾಣ್ಯಗಳು ಪದರ ಪದರವಾಗಿರುತ್ತವೆ. ಮೇಲಿನ ಪದರ ಬಿಟ್ಟುಹೋದರೆ ಒಳಗಿನ ತಾಮ್ರ ಕಾಣುವ ನಿಜವಾದ ತಪ್ಪು ಅಲ್ಲಿ ಇದೆ. ವಿಡಿಯೊ ಮಾಡುವವರು ಅದನ್ನೇ ನಮ್ಮ ನಾಣ್ಯಕ್ಕೂ ಹೇಳಿಬಿಡುತ್ತಾರೆ. ನಮ್ಮ ಸ್ಟೀಲ್ ನಾಣ್ಯ ಮೇಲಿಂದ ಕೆಳಗಿನವರೆಗೆ ಒಂದೇ ಲೋಹ. ಕಳಚಿ ಬೀಳಲು ಅದರಲ್ಲಿ ಪದರವೇ ಇಲ್ಲ.

ದಯವಿಟ್ಟು ಅರದಿಂದ ಉಜ್ಜಿ, ಆಸಿಡ್ ಹನಿಸಿ ಪರೀಕ್ಷಿಸಬೇಡಿ. ನಾಣ್ಯ ಅಪರೂಪದ್ದೇ ಆಗಿದ್ದರೆ ಆ ಒಂದು ಗೀರಿಗೆ ಅದರ ಬೆಲೆ ಬಿದ್ದುಹೋಗುತ್ತದೆ.

ಪ್ರಶ್ನೆ: ನನ್ನ ಹತ್ತಿರ ಇಸವಿಯ ಕೆಳಗೆ ಯಾವ ಗುರುತೂ ಇಲ್ಲದ ನಾಣ್ಯಗಳು ಬಹಳ ಇವೆ. ಇವು ‘ಮಿಂಟ್ ಮಾರ್ಕ್’ ಬಿಟ್ಟುಹೋದ ತಪ್ಪು ನಾಣ್ಯಗಳೇ? (ಓದುಗರು, ಗದಗ)

ಅಲ್ಲ, ಅವು ಕೋಲ್ಕತ್ತ ಟಂಕಸಾಲೆಯವು. ಮುಂಬೈಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೊಯಿಡಾಗೆ ದುಂಡು ಚುಕ್ಕಿ. ಕೋಲ್ಕತ್ತಕ್ಕೆ ಗುರುತೇ ಇಲ್ಲ.

ಪ್ರಶ್ನೆ: ಎರಡು ರೂಪಾಯಿ ನಾಣ್ಯದ ಸಿಂಹದ ಬದಿ ನೆಟ್ಟಗೆ ಹಿಡಿದು ತಿರುಗಿಸಿದರೆ ಹಿಂಬದಿ ತಲೆಕೆಳಗಾಗಿ ಬರುತ್ತದೆ. ಇದು ತಪ್ಪೇ? (ಓದುಗರು, ಉಡುಪಿ)

ಹೇಗೆ ತಿರುಗಿಸಿದಿರಿ ಎಂಬುದರ ಮೇಲೆ ಹೋಗುತ್ತದೆ. ಪುಸ್ತಕದ ಹಾಳೆ ಮಗುಚಿದಂತೆ ಎಡದಿಂದ ಬಲಕ್ಕೆ ತಿರುಗಿಸಬೇಕು. ಕ್ಯಾಲೆಂಡರ್ ಹಾಳೆ ಎತ್ತಿದಂತೆ ಕೆಳಗಿನಿಂದ ಮೇಲಕ್ಕೆ ತಿರುಗಿಸಿದರೆ ಸರಿಯಾದ ನಾಣ್ಯವೂ ತಲೆಕೆಳಗಾಗಿಯೇ ಕಾಣುತ್ತದೆ. ನಮಗೆ ಬರುವ ಇಂಥ ಪತ್ರಗಳಲ್ಲಿ ಹೆಚ್ಚಿನವು ಈ ತಿರುಗಿಸುವಿಕೆಯ ಗೊಂದಲವೇ.

ಸರಿಯಾಗಿ ತಿರುಗಿಸಿದ ಮೇಲೂ ಓರೆಯಾಗಿದ್ದರೆ ಎಷ್ಟು ಓರೆ ಎಂದು ಅಳೆಯಿರಿ. ಎರಡು ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳ ನಡುವೆ ನಾಣ್ಯ ಇಟ್ಟು, ಸಿಂಹದ ನೆತ್ತಿಯ ನೇರಕ್ಕೆ ಎರಡೂ ಬದಿಯಲ್ಲಿ ಕಾಣುವಂತೆ ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಹಾಳೆ ಸಮೇತ ಮಗುಚಿ, ಹಿಂಬದಿಯ ನೆತ್ತಿ ಆ ಗೆರೆಯಿಂದ ಎಷ್ಟು ಡಿಗ್ರಿ ಸರಿದಿದೆ ಎಂದು ಕೋನಮಾಪಕದಲ್ಲಿ ನೋಡಿ. ಅಚ್ಚು ತನ್ನ ಹಿಡಿಯಲ್ಲಿ ಸಡಿಲವಾಗಿ ತಿರುಗಿದಾಗ ಈ ತಪ್ಪು ಆಗುತ್ತದೆ. ಹತ್ತು ಹದಿನೈದು ಡಿಗ್ರಿ ಓರೆ ಮಾಮೂಲು, ಅದಕ್ಕೆ ಯಾರೂ ಹೆಚ್ಚಿಗೆ ಕೊಡುವುದಿಲ್ಲ. 90 ದಾಟಿದರೆ ತೆಗೆದಿಡಬಹುದು, 180 ಆದರೆ ಸಂಗ್ರಾಹಕರು ಆಸಕ್ತಿಯಿಂದ ನೋಡುತ್ತಾರೆ. ಸಾಮಾನ್ಯ ನಾಣ್ಯವನ್ನು ಹೊರಗೆ ತಂದು ಈ ತಪ್ಪನ್ನು ಕೃತಕವಾಗಿ ಮಾಡಲು ಬರುವುದಿಲ್ಲ. ಎರಡು ನಾಣ್ಯಗಳನ್ನು ಅರ್ಧ ಕೊರೆದು ಅಂಟಿಸಿದರೆ ಮಾತ್ರ ಸಾಧ್ಯ. ಹಾಗೆ ಮಾಡಿದ್ದರೆ ಸುತ್ತಂಚಿನ ಒಳಮಗ್ಗುಲಲ್ಲಿ ಕೂದಲೆಳೆಯಂಥ ಸಂದು ಕಾಣುತ್ತದೆ, ಕಲ್ಲಿನ ಮೇಲೆ ಬೀಳಿಸಿದರೆ ನಾದ ಬರುವ ಬದಲು ದಪ್ಪೆಂದು ಸದ್ದಾಗುತ್ತದೆ. ಎರಡೂ ಕಡೆ ಸಿಂಹ ಇರುವ ಜಾದೂಗಾರರ ನಾಣ್ಯವನ್ನೂ ಮಾಡುವುದು ಹೀಗೇ.

ಪ್ರಶ್ನೆ: ಒಂದು ಬದಿ ಸರಿಯಾಗಿದೆ. ಇನ್ನೊಂದು ಬದಿಯಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗಿ, ತಗ್ಗಾಗಿ ಮೂಡಿದೆ. ಅಂಗಡಿಯವರು ‘ಲಖಿ’ ಎಂದರು. ಕೊಳ್ಳಬಹುದೇ? (ಓದುಗರು, ಬೆಂಗಳೂರು)

ಈ ಕಸುಬಿನಲ್ಲಿ ಅತಿ ಹೆಚ್ಚು ನಕಲಿ ಬರುವುದು ಇದರಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ನಿಜವಾದ ಲಖಿ ಆಗುವುದು ಹೀಗೆ. ಟಂಕಿಸಿದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೇ ಅಂಟಿಕೊಂಡು ಉಳಿಯುತ್ತದೆ. ಅಷ್ಟರಲ್ಲಿ ಮುಂದಿನ ಬಿಲ್ಲೆ ಬಂದು ಕೂರುತ್ತದೆ. ಆ ಬಿಲ್ಲೆಯ ಒಂದು ಮುಖಕ್ಕೆ ಸರಿಯಾದ ಅಚ್ಚು ತಾಗುತ್ತದೆ, ಇನ್ನೊಂದು ಮುಖಕ್ಕೆ ಅಂಟಿಕೊಂಡ ನಾಣ್ಯವೇ ಅಚ್ಚಾಗುತ್ತದೆ. ನಾಣ್ಯದ ಮೇಲಿನ ಉಬ್ಬು ಬಿಲ್ಲೆಯಲ್ಲಿ ತಗ್ಗಾಗುತ್ತದೆ, ಅಕ್ಷರ ಹಿಂದುಮುಂದಾಗುತ್ತದೆ. ಅಂಟಿಕೊಂಡ ನಾಣ್ಯ ಕಳಚುವವರೆಗೆ ಒಂದಾದ ಮೇಲೊಂದು ಹೀಗೆಯೇ ಬರುತ್ತವೆ. ಮೊದಲಿನದರಲ್ಲಿ ಚಿತ್ರ ಚೊಕ್ಕವಾಗಿರುತ್ತದೆ. ಅಂಟಿದ ನಾಣ್ಯ ಏಟು ತಿಂದು ಹರಡಿದಂತೆ ನಂತರದವುಗಳಲ್ಲಿ ಚಿತ್ರವೂ ಹಿಗ್ಗಿ ಮಸುಕಾಗುತ್ತದೆ.

ನಕಲಿ ಮಾಡುವವರು ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು, ಬಿಗಿಹಿಡಿಯುವ ಉಪಕರಣವಾದ ವೈಸ್‌ನಲ್ಲಿ ಹಿಂಡುತ್ತಾರೆ, ಇಲ್ಲವೇ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಉಲ್ಟಾ ತಗ್ಗಿನ ಚಿತ್ರ ಅದರಲ್ಲೂ ಬರುತ್ತದೆ. ಆದರೆ ಆ ಮುಖದಲ್ಲಿ ಮೊದಲೇ ಇದ್ದ ಸ್ವಂತ ಚಿತ್ರ ಎಲ್ಲಿ ಹೋಗಬೇಕು? ಅದು ಚಪ್ಪಟೆಯಾಗಿ ಅಲ್ಲೇ ಇರುತ್ತದೆ. ದೀಪವನ್ನು ಒಂದು ಬದಿಯಿಂದ ಓರೆಯಾಗಿ ಬೀಳಿಸಿ ನಾಣ್ಯವನ್ನು ನಿಧಾನ ತಿರುಗಿಸಿ. ತಗ್ಗಿನ ಅಕ್ಷರಗಳ ನಡುವೆ ಹಳೆಯ ಅಂಕಿಯ ನೆರಳು, ಸಿಂಹದ ಪೀಠದ ಒಂದು ತುಂಡು ಕಂಡೇ ಕಾಣುತ್ತದೆ. ಆಮೇಲೆ ಮಗುಚಿ ‘ಸರಿಯಾದ’ ಬದಿ ನೋಡಿ. ವೈಸ್‌ನ ದವಡೆಗೆ ಒತ್ತಿದ ಆ ಬದಿಯ ಎತ್ತರದ ಭಾಗಗಳು ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿ ಹೊಳೆಯುತ್ತಿರುತ್ತವೆ. ನಿಜವಾದದ್ದರಲ್ಲಿ ಸರಿಯಾದ ಬದಿ ಹೊಸ ನಾಣ್ಯದಷ್ಟೇ ಚೊಕ್ಕ, ಉಲ್ಟಾ ಬದಿಯಲ್ಲಿ ಬೇರೆ ಯಾವ ಚಿತ್ರದ ಕುರುಹೂ ಇಲ್ಲ.

ಅಂಗಡಿಯವರು ಭೂತಗನ್ನಡಿಯಲ್ಲಿ ನೋಡಲು ಬಿಡದಿದ್ದರೆ ಕೊಳ್ಳಬೇಡಿ.

ಪ್ರಶ್ನೆ: ನಾಣ್ಯದ ಒಂದು ಕಡೆ ಬಿಸ್ಕತ್ತು ಕಚ್ಚಿದಂತೆ ತುಂಡು ಹೋಗಿದೆ. ಕತ್ತರಿಸಿದ್ದೋ, ಹುಟ್ಟಿದ್ದೇ ಹಾಗೋ? (ಓದುಗರು, ಕಲಬುರಗಿ)

ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸಾಕಷ್ಟು ಮುಂದೆ ಸರಿಯದಿದ್ದರೆ, ಆಗಲೇ ತೂತಾದ ಜಾಗಕ್ಕೆ ಮತ್ತೆ ಕತ್ತರಿ ಬೀಳುತ್ತದೆ. ಕಚ್ಚಿದ ಆಕಾರ ಬರುವುದು ಹೀಗೆ. ಬಿಲ್ಲೆ ಟಂಕಿಸುವ ಮೊದಲೇ ತುಂಡಾಗಿರುವುದರಿಂದ ಮೂರು ಗುರುತು ಉಳಿಯುತ್ತವೆ. ಕಚ್ಚಿದ ಜಾಗದ ಪಕ್ಕದ ಅಕ್ಷರಗಳು ಅತ್ತ ಕಡೆಗೆ ಎಳೆದಂತೆ ಮೆತ್ತಗಾಗಿರುತ್ತವೆ, ಏಕೆಂದರೆ ಏಟಿಗೆ ಲೋಹ ಖಾಲಿ ಜಾಗದತ್ತ ಹರಿಯುತ್ತದೆ. ಕಚ್ಚಿದ ಅಂಚಿನ ಕಂಠ ಸ್ವಲ್ಪ ದುಂಡಗಿರುತ್ತದೆ. ಇನ್ನೊಂದು ಮುಖ್ಯ ಗುರುತು ಕಚ್ಚಿದ್ದಕ್ಕೆ ನೇರ ಎದುರಿನ ಸುತ್ತಂಚಿನಲ್ಲಿ ಸಿಗುತ್ತದೆ: ಅಲ್ಲಿ ಅಂಚು ಸಣಕಲಾಗಿ ಮಾಸಿರುತ್ತದೆ. ಅಂಚು ಎತ್ತರಿಸುವ ಯಂತ್ರ ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತಿ ಉರುಳಿಸುತ್ತದೆ, ಒಂದು ಕಡೆ ಲೋಹವೇ ಇಲ್ಲದಾಗ ಎದುರು ಕಡೆಗೂ ಒತ್ತಡ ಬೀಳುವುದಿಲ್ಲ.

ಆಮೇಲೆ ಕತ್ತರಿಸಿದ್ದರಲ್ಲಿ ಅಕ್ಷರ ಚಾಕು ಹಾಕಿದಂತೆ ಥಟ್ಟನೆ ನಿಲ್ಲುತ್ತದೆ, ಎದುರಿನ ಅಂಚು ದಪ್ಪಗೆ ಪೂರ್ತಿ ಇರುತ್ತದೆ, ಕಚ್ಚಿನ ಮೈಯಲ್ಲಿ ಅರದ ಸಮಾನಾಂತರ ಗೆರೆಗಳಿರುತ್ತವೆ. ಎದುರಿನ ಅಂಚಿನ ಗುರುತು ನಿಜವಾದ ಎಲ್ಲ ನಾಣ್ಯದಲ್ಲೂ ಸ್ಪಷ್ಟವಾಗಿ ಬರುವುದಿಲ್ಲ. ಚಿಕ್ಕ ಕಚ್ಚಿದ್ದರೆ ಇಲ್ಲದಿರಬಹುದು. ಹಾಗಾಗಿ ಅಕ್ಷರಗಳ ಹರಿವನ್ನೂ ಸೇರಿಸಿಯೇ ತೀರ್ಮಾನ ಮಾಡಿ.

ಪ್ರಶ್ನೆ: ಮಾಮೂಲಿಗಿಂತ ಅಗಲವಾದ, ತೆಳುವಾದ ಒಂದು ರೂಪಾಯಿ ಸಿಕ್ಕಿದೆ. ತೂಕ ಸರಿಯಾಗಿದೆ. (ಓದುಗರು, ಅರಸೀಕೆರೆ)

ಕಾಲರ್ ಸರಿಯಾಗಿ ಕೂರದೆ ಟಂಕಿಸಿದರೆ ಲೋಹ ತಡೆಯಿಲ್ಲದೆ ಹೊರಕ್ಕೆ ಹರಡಿ ನಾಣ್ಯ ಅಗಲವಾಗುತ್ತದೆ. ಅದು ನಿಜವಾದ ತಪ್ಪು. ಆದರೆ ರೈಲು ಹಳಿಯ ಮೇಲೆ ಇಟ್ಟು ಚಪ್ಪಟೆ ಮಾಡಿದ್ದೂ ಅಗಲವಾಗಿ ತೆಳುವಾಗಿಯೇ ಇರುತ್ತದೆ, ತೂಕವೂ ಕಡಿಮೆಯಾಗುವುದಿಲ್ಲ. ವ್ಯತ್ಯಾಸ ಚಿತ್ರದಲ್ಲಿದೆ. ಕಾಲರ್ ತಪ್ಪಿದ ನಾಣ್ಯದಲ್ಲಿ ನಡುವಿನ ಚಿತ್ರ ಚೂಪಾಗಿ, ಸರಿಯಾದ ಅಳತೆಯಲ್ಲಿ ಇರುತ್ತದೆ, ಅದರ ಸುತ್ತ ಖಾಲಿ ಲೋಹ ಹರಡಿರುತ್ತದೆ, ಅಂಚಿನಲ್ಲಿ ಹಲ್ಲುಗೆರೆ ಇರಬೇಕಾದ ನಾಣ್ಯವಾದರೆ ಆ ಗೆರೆ ಇರುವುದಿಲ್ಲ. ಹಳಿಯ ಮೇಲಿನದರಲ್ಲಿ ಚಿತ್ರವೇ ಹಿಗ್ಗಿರುತ್ತದೆ, ಅದೂ ಚಕ್ರ ಹೋದ ದಿಕ್ಕಿಗೆ ಹೆಚ್ಚು. ಎರಡು ದಿಕ್ಕಿನಲ್ಲಿ ಅಡ್ಡಳತೆ ಅಳೆಯಿರಿ: ಒಂದು 31, ಇನ್ನೊಂದು 28 ಮಿ.ಮೀ. ಎಂಬಂತೆ ಬಂದು, ಸಿಂಹದ ಮುಖ ಸೊಟ್ಟಗೆ ಎಳೆದಂತಿದ್ದರೆ ಅದು ಹಳಿಯ ಕೆಲಸ. (ಹಳಿಯ ಮೇಲೆ ನಾಣ್ಯ ಇಡಲು ಮಕ್ಕಳನ್ನು ಬಿಡಲೇಬೇಡಿ.)

ಪ್ರಶ್ನೆ: ಹತ್ತು ರೂಪಾಯಿ ನಾಣ್ಯದ ನಡುವಿನ ಬಿಳಿ ಭಾಗ ಹಿಂದುಮುಂದಾಗಿ ಕೂತಿದೆ. ಸಿಂಹ ಇರಬೇಕಾದ ಕಡೆ ಬೆಲೆಯ ಬದಿ ಇದೆ. ಎಷ್ಟು ಸಿಗಬಹುದು? (ಓದುಗರು, ಹುಬ್ಬಳ್ಳಿ)

ಹತ್ತು ರೂಪಾಯಿ. ಈ ನಾಣ್ಯದಲ್ಲಿ ಹಳದಿ ಬಳೆ ಮತ್ತು ಬಿಳಿ ನಡುಬಿಲ್ಲೆ ಬೇರೆ ಬೇರೆಯಾಗಿ ತಯಾರಾದರೂ, ಎರಡನ್ನೂ ಒಟ್ಟಿಗೆ ಕೂರಿಸಿದ ಮೇಲೆಯೇ ಅಚ್ಚು ಬೀಳುತ್ತದೆ. ಆ ಏಟೇ ಎರಡನ್ನೂ ಬೆಸೆಯುವುದು. ಒಂದೇ ಅಚ್ಚು ಎರಡರ ಮೇಲೂ ಬೀಳುವಾಗ ನಡುವಿನದು ಮಾತ್ರ ಉಲ್ಟಾ ಆಗಲು ಟಂಕಸಾಲೆಯಲ್ಲಿ ದಾರಿಯೇ ಇಲ್ಲ. ಯಾರೋ ನಡುವನ್ನು ಕುಟ್ಟಿ ಹೊರಗೆ ತೆಗೆದು ಮಗುಚಿ ಕೂರಿಸಿದ್ದಾರೆ. ಬಳೆಯ ಒಳಕಂಠದಲ್ಲಿ ಹೊಸ ಗೀರು, ನಡುವಿನ ಮೇಲೆ ಮಂಕು ಪೆಟ್ಟಿನ ಗುರುತು ಸಿಗುತ್ತವೆ.

ನಡು ಒಂದು ಪಕ್ಕಕ್ಕೆ ಸರಿದು ಬಳೆಯ ಮೇಲೇರಿ ಕೂತಿದ್ದು, ಚಿತ್ರ ಮಾತ್ರ ಎರಡರ ಮೇಲೂ ಮುರಿಯದೆ ಹರಿದಿದ್ದರೆ ಅದು ನಿಜವಾದ ತಪ್ಪು, ಒಳ್ಳೆಯ ಬೆಲೆಯೂ ಇದೆ. ನಡು ಇಲ್ಲದ ಬರೀ ಬಳೆಯಾದರೆ ಒಳಕಂಠ ನೋಡಿ. ಖಾಲಿಯಾಗಿಯೇ ಏಟು ತಿಂದ ಬಳೆಯ ಲೋಹ ಒಳಕ್ಕೆ ಜಾರಿ ತೂತು ಚಿಕ್ಕದಾಗಿ, ಅಂಕುಡೊಂಕಾಗಿರುತ್ತದೆ. ಕುಟ್ಟಿ ತೆಗೆದದ್ದರಲ್ಲಿ ತೂತು ಅಳತೆಗೆ ಸರಿಯಾಗಿ ದುಂಡಗಿದ್ದು, ನಡುಬಿಲ್ಲೆ ಹಿಡಿದು ಕೂತಿದ್ದ ಗುರುತು ಉಳಿದಿರುತ್ತದೆ.

ಇದೇ ನಾಣ್ಯದಲ್ಲಿ 10 ಗೆರೆ ಇರುವುದು ಅಸಲಿ, 15 ಗೆರೆಯದು ನಕಲಿ ಎಂದು ಕೇಳಿ ಬರೆದವರಿಗೂ ಇಲ್ಲೇ ಉತ್ತರ. ಅವು ಬೇರೆ ಬೇರೆ ವಿನ್ಯಾಸಗಳು. ಅಲ್ಲಿಯವರೆಗೆ ಬಂದಿದ್ದ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ.

ಪ್ರಶ್ನೆ: ಅಜ್ಜಿ ಲಕ್ಷ್ಮೀಪೂಜೆಗೆ ಇಡುತ್ತಿದ್ದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗಳಲ್ಲಿ ಒಂದರ ನೆತ್ತಿಯಲ್ಲಿ ಅಂಚು ಗೆರೆಯಿಲ್ಲದೆ ನುಣ್ಣಗಿದೆ. ಟಂಕಿಸುವಾಗ ಬಿಟ್ಟುಹೋಗಿದೆಯೇ? ಬೆಳ್ಳಿ ಅಸಲಿಯೇ ಎಂದು ಮನೆಯಲ್ಲೇ ತಿಳಿಯುವುದು ಹೇಗೆ? (ಓದುಗರು, ತೀರ್ಥಹಳ್ಳಿ)

ಆ ನಾಣ್ಯ ಒಂದು ಕಾಲದಲ್ಲಿ ಸರದಲ್ಲಿತ್ತು. ನೆತ್ತಿಗೆ ಕೊಂಡಿ ಬೆಸೆದು, ಆಮೇಲೆ ಕಿತ್ತು ನಯ ಮಾಡಿದ್ದಾರೆ. ಅಷ್ಟು ಜಾಗದಲ್ಲಿ ಬಣ್ಣ ಬೂದಿಯಂತೆ ಬೇರೆಯಾಗಿರುವುದನ್ನೂ, ಪಕ್ಕದ ಅಕ್ಷರದ ಬುಡದಲ್ಲಿ ಬೆಸುಗೆ ಮೆತ್ತಿಕೊಂಡಿರುವುದನ್ನೂ ನೋಡಬಹುದು.

ಬೆಳ್ಳಿಯ ಪರೀಕ್ಷೆಗೆ ಅದೇ ಚಿಕ್ಕ ತಕ್ಕಡಿ ಸಾಕು. ಮೊದಲು ಒಣ ತೂಕ ನೋಡಿ: ಸರಿಯಾದದ್ದು 11.66 ಗ್ರಾಂ, ಸವೆದದ್ದು ತುಸು ಕಡಿಮೆ ಬರುತ್ತದೆ. ಆಮೇಲೆ ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ನೀರಿಟ್ಟು, ಲೋಟ ಸಮೇತ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಪಕ್ಕಕ್ಕೂ ತಾಗದಂತೆ ಹಿಡಿಯಿರಿ. ತಕ್ಕಡಿ ತೋರಿಸುವುದು ನಾಣ್ಯ ಜರುಗಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಆ ಕಾಲದ ರೂಪಾಯಿಯಲ್ಲಿ 91.7 ಶೇಕಡಾ ಬೆಳ್ಳಿ ಇದೆ, ಸಾಂದ್ರತೆ 10.3ರ ಆಸುಪಾಸು ಬರಬೇಕು, ಅಂದರೆ ತಕ್ಕಡಿ 1.13 ಗ್ರಾಂ ತೋರಿಸಬೇಕು. ಜರ್ಮನ್ ಸಿಲ್ವರ್‌ನ ನಕಲಿಯಾದರೆ 1.34ರಷ್ಟು ತೋರಿಸುತ್ತದೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಮೂರು ಸಲ ಮಾಡಿ ಸರಾಸರಿ ತೆಗೆದುಕೊಳ್ಳಿ.

ಅರಿಶಿನ ಕುಂಕುಮದ ಕಲೆ ಇದ್ದರೆ ಇರಲಿ ಬಿಡಿ. ಹುಣಸೆಹಣ್ಣು, ಸಬೀನಾ, ವಿಭೂತಿ ಹಾಕಿ ತಿಕ್ಕಿದ ನಾಣ್ಯದ ಮೇಲೆ ಕೂದಲಿನಂಥ ಸಾವಿರ ಗೀರು ಬೀಳುತ್ತವೆ, ಹಳೆಯ ಬೆಳ್ಳಿಯ ಮೇಲೆ ವರ್ಷಗಟ್ಟಲೆ ಕೂತ ಆ ಚೆಂದದ ಕಪ್ಪು ಮತ್ತೆ ಬರುವುದಿಲ್ಲ.

ಪ್ರಶ್ನೆ: ಇಸವಿಯ ಒಂದು ಅಂಕಿ ಇಲ್ಲ. ಅಚ್ಚಿನಲ್ಲೇ ಇರಲಿಲ್ಲವೋ, ಯಾರಾದರೂ ಕೆರೆದರೋ? (ಓದುಗರು, ಮಂಡ್ಯ)

ಅಚ್ಚಿನ ಗುಳಿಯಲ್ಲಿ ಗ್ರೀಸ್, ಲೋಹದ ಪುಡಿ ತುಂಬಿಕೊಂಡರೆ ಆ ಅಂಕಿ ಮೂಡುವುದಿಲ್ಲ. ಆಗ ಅಂಕಿಯ ಜಾಗ ಸುತ್ತಲಿನ ಮೈಗೆ ಸಮನಾಗಿ, ಅದೇ ಹೊಳಪಿನಲ್ಲಿರುತ್ತದೆ, ಅಕ್ಕಪಕ್ಕದ ಅಂಕಿಯೂ ಕ್ರಮೇಣ ಮಸುಕಾಗುತ್ತಾ ಹೋಗಿರುತ್ತದೆ. ಕೆರೆದಿದ್ದರೆ ಆ ಜಾಗ ತುಸು ತಗ್ಗಾಗಿ, ಹೊಳಪು ಬೇರೆಯಾಗಿರುತ್ತದೆ. ಗ್ರೀಸ್ ತುಂಬಿದ ಅಚ್ಚಿನ ನಾಣ್ಯಗಳು ಬಹಳ. ಬೆಲೆ ಅಷ್ಟಕ್ಕಷ್ಟೇ.

ಪ್ರಶ್ನೆ: ನನ್ನ ನಾಣ್ಯದ ಫೋಟೊ ಅಂತರ್ಜಾಲದಲ್ಲಿ ಹಾಕಿದ ಮೇಲೆ ಒಬ್ಬರು ಫೋನ್ ಮಾಡಿ ಮೂರು ಲಕ್ಷ ಕೊಡುತ್ತೇವೆ, ಮೊದಲು ರಿಸರ್ವ್ ಬ್ಯಾಂಕಿನ ನೋಂದಣಿ ಶುಲ್ಕ 2,500 ಕಟ್ಟಿ ಎನ್ನುತ್ತಿದ್ದಾರೆ. (ಓದುಗರು, ಚಿತ್ರದುರ್ಗ)

ಒಂದು ಪೈಸೆಯನ್ನೂ ಕಟ್ಟಬೇಡಿ. ಹಳೆಯ ನಾಣ್ಯ, ನೋಟುಗಳ ಮಾರಾಟಕ್ಕೂ ರಿಸರ್ವ್ ಬ್ಯಾಂಕಿಗೂ ಸಂಬಂಧವಿಲ್ಲ, ಅದಕ್ಕಾಗಿ ಅದು ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಈ ಎಚ್ಚರಿಕೆಯನ್ನು ಪ್ರಕಟಿಸಿದೆ. ಆಗಲೇ ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಸೈಬರ್ ವಂಚನೆಯ ದೂರು ಕೊಡಿ, ಹಣ ಹೋದ ಖಾತೆಯ ವಿವರ, ಸಂದೇಶಗಳ ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಳ್ಳಿ. ನಾಣ್ಯ ನಿಜಕ್ಕೂ ತಪ್ಪಚ್ಚಿನದು ಎನಿಸಿದರೆ ನಿಮ್ಮೂರಿಗೆ ಹತ್ತಿರದ ನಾಣ್ಯ ಪ್ರದರ್ಶನಕ್ಕೆ ಒಯ್ದು, ಇಬ್ಬರು ಮೂವರು ಅನುಭವಿಗಳಿಗೆ ಬೇರೆ ಬೇರೆಯಾಗಿ ತೋರಿಸಿ. ಒಯ್ಯುವ ಮುನ್ನ ತೂಕ, ಎರಡು ದಿಕ್ಕಿನ ಅಡ್ಡಳತೆ, ಅಯಸ್ಕಾಂತಕ್ಕೆ ಅಂಟುತ್ತದೋ ಇಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ನಾಣ್ಯದ ಜೊತೆಗೇ ಇಡಿ.